ಗ್ರೀನ್ ಟೀ ಕುಡೀರಿ, ರಾತ್ರಿ ಊಟ ಬಿಡಬೇಡಿ

ಅಕ್ಕಾ, ಕಾಂಪೌಂಡ್ ಹತ್ರ ನಿಂತು ಮುಖ ಕಿವುಚಿಕೊಂಡು ಕುಡೀತಿದ್ದೀರಲ್ಲ, ಗ್ರೀನ್ ಟೀನಾ? ಕಹಿ ಅಂತ ಅಷ್ಟು ಕಷ್ಟ ಯಾಕೆ ಪಡ್ತೀರಿ? ತಪ್ಪು ಎಲೇದಲ್ಲ, ನೀರಿಂದು. ಕೊತಕೊತ ಕುದಿಯೋ ನೀರು ಸುರಿದ್ರೆ ಒಗರೆಲ್ಲ ಒಂದೇ ಸಲಕ್ಕೆ ಇಳಿದುಬಿಡುತ್ತೆ. ಒಲೆ ಆರಿಸಿ ಸ್ವಲ್ಪ ಹೊತ್ತು ಬಿಡಿ. ಗುಳ್ಳೆ ಅಡಗಿ ಬರೀ ಹಬೆ ಆಡ್ತಿರುವಾಗ, ಅಂದ್ರೆ 80 ಡಿಗ್ರಿ ಆಸುಪಾಸಿನಲ್ಲಿ, ಎಲೆ ಹಾಕಿ ಎರಡು ನಿಮಿಷಕ್ಕೆ ಸೋಸಿಬಿಡಿ. ಹೆಸರುಬೇಳೆ ಕಟ್ಟಿನ ಹಾಗೆ ತಿಳಿಯಾಗಿರುತ್ತೆ, ಗಂಟಲಲ್ಲಿ ಹಿತವಾಗಿ ಇಳಿಯುತ್ತೆ.

ಇದೇನು ಬೇರೆ ಗಿಡ ಅಲ್ಲ. ನಾವು ದಿನಾ ಕುದಿಸೋ ಟೀ ಪುಡಿ ಬರೋದೂ ಇದೇ ಗಿಡದಿಂದ. ನಮ್ಮ ಚಿಕ್ಕಮಗಳೂರು ಕಡೆ ಕೆಳಗೂರಲ್ಲೂ ಬೆಳೀತಾರೆ. ಕಿತ್ತ ಎಲೇನ ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟು ಕಪ್ಪಾಗಿಸಿದ್ರೆ ಮಾಮೂಲಿ ಟೀ. ಕಿತ್ತ ಸ್ವಲ್ಪ ಹೊತ್ತಿಗೇ ಹಬೆಗೋ ಬಾಣಲೆಗೋ ಹಾಕಿ ಕಪ್ಪಾಗದ ಹಾಗೆ ತಡೆದ್ರೆ ಗ್ರೀನ್ ಟೀ. ಹಾಗೆ ಮಾಡಿದ್ರಿಂದ ಎಲೇಲಿ ಕ್ಯಾಟೆಚಿನ್ ಅನ್ನೋ ಅಂಶ ಹೆಚ್ಚು ಉಳಿಯುತ್ತೆ. ಅದೂ ಕೆಫೀನೂ ಸೇರಿ ಕೊಬ್ಬು ಕರಗಿಸುತ್ತೆ ಅನ್ನೋ ಮಾತು ಹುಟ್ಟಿದ್ದು ಅಲ್ಲಿಂದಲೇ. ಆದ್ರೆ ಕಾಕ್ರೇನ್ ಸಂಸ್ಥೆಯವರು 2012ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗಿಟ್ಟು ನೋಡಿದಾಗ, ಇಳಿದ ತೂಕ ಲೆಕ್ಕಕ್ಕೆ ಬಾರದಷ್ಟು ಕಮ್ಮಿ ಅಂತ ಗೊತ್ತಾಯ್ತು.

ಹಾಗಂತ ಲೋಟ ಚೆಲ್ಲಬೇಡಿ. ಲಾಭ ಇರೋದು ಬೇರೆ ಕಡೆ. ಎರಡೆರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ನಾಲ್ಕು ಸಲ ಟೀ ಕುಡಿದ್ರೆ ಎಂಟು ಚಮಚ ಸಕ್ಕರೆ ಆಯ್ತು. ಅದೊಂದರಿಂದಲೇ ಸುಮಾರು 130 ಕ್ಯಾಲೊರಿ. ಹಾಲು, ಜೊತೆಗೆ ಕೈಗೆ ಬರೋ ಬಿಸ್ಕತ್ತು ಬೇರೆ. ಏನೂ ಬೆರೆಸದ ಗ್ರೀನ್ ಟೀಲಿ ಎರಡು ಮೂರು ಕ್ಯಾಲೊರಿ ಇದ್ರೆ ಹೆಚ್ಚು. ಸಂಜೆ ಟೀ ಜಾಗದಲ್ಲಿ ಇದನ್ನ ಕುಡಿದ್ರೆ ಉಪಯೋಗ ಉಂಟು. ಆ ಟೀನೂ ಕುಡಿದು, ಮೇಲೆ ಇದನ್ನೂ ಕುಡಿದ್ರೆ ತೂಕ ಎಲ್ಲಿಂದ ಇಳೀಬೇಕು? ಜೇನುತುಪ್ಪ ಬೆರೆಸಿದ್ರೂ ಅಷ್ಟೇ. ಒಂದು ಚಮಚಕ್ಕೆ 20 ಕ್ಯಾಲೊರಿ, ಸಕ್ಕರೆಗಿಂತ ಕಮ್ಮಿ ಏನಲ್ಲ.

ಇನ್ನೊಂದು ಮಾತು, ಊಟ ಆದ ಕೂಡಲೇ ಕುಡೀಬೇಡಿ. ಸೊಪ್ಪು, ಕಾಳಿನಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋಕೆ ಇದು ಬಿಡಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಮೊದಲೇ ರಕ್ತ ಕಮ್ಮಿ. ಒಂದು ಗಂಟೆ ಅಂತರ ಇರಲಿ. ಗ್ರೀನ್ ಟೀ ಸಾರದ ಮಾತ್ರೆ ಮಾರ್ತಾರಲ್ಲ, ಅದಂತೂ ಬೇಡವೇ ಬೇಡ. ಮಾತ್ರೆ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಕ್ಯಾಟೆಚಿನ್ ದಾಟಿದ್ರೆ ಯಕೃತ್ತಿಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರು 2018ರಲ್ಲೇ ಎಚ್ಚರಿಸಿದ್ದಾರೆ.

ರಾತ್ರಿ ಊಟ ಬಿಟ್ಟು ಬರೀ ಇದನ್ನ ಕುಡಿದು ಮಲಗ್ತೀನಿ ಅಂದ್ರಲ್ಲ, ಅದು ಕೇಳಿ ಹೊಟ್ಟೆ ಚುರುಕ್ ಅಂತು. ಇಡೀ ಮನೆಗೆ ಬಡಿಸೋರು ನೀವು, ಉಪವಾಸ ಮಲಗೋದು ಯಾಕೆ? ಚಿಕ್ಕ ಮುದ್ದೆ ಮಾಡ್ಕೊಳ್ಳಿ, ಬಸ್ಸಾರು ಹಾಕ್ಕೊಳ್ಳಿ, ಪಲ್ಯ ಜಾಸ್ತಿ ಬಡಿಸ್ಕೊಳ್ಳಿ. ನಾಳೆ ಬೆಳಿಗ್ಗೆ ಆರಕ್ಕೆ ಗೇಟ್ ಹತ್ರ ಇರಿ, ಕೆರೆ ಏರಿ ತನಕ ಇಬ್ಬರೂ ಬೀಸಾಗಿ ನಡೆದು ಬರೋಣ.