ಸಮುದ್ರದ ಸಾಹುಕಾರರು

ರಾಯಚೂರಿನ ಬಿಸಿಲಿಗೆ ಹೆದರದ ನಮ್ಮ ಸಾಹುಕಾರರು ಫ್ಯಾನ್ ನಿಂತರೆ ಮಾತ್ರ ಬೆವರುತ್ತಾರೆ. ಸೆಕೆಗಲ್ಲ, ಮೀನಿಗೆ. ತೀನ್ ಕಂದಿಲ್ ಹತ್ತಿರ ಮನೆ, ಗಂಜಿನಲ್ಲಿ ಭತ್ತದ ವ್ಯಾಪಾರ, ಪಡಸಾಲೆಯಲ್ಲಿ 300 ಲೀಟರಿನ ಸಮುದ್ರ.

ಕೃಷ್ಣೆ, ತುಂಗಭದ್ರೆ ಎರಡರ ನಡುವಿನ ಸೀಮೆ ನಮ್ಮದು. ಸಿಹಿನೀರಿನ ಮೀನು ಸಾಕಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಬೆಂಗಳೂರಿನ ಬೀಗರ ಮನೆಯಲ್ಲಿ ಹವಳದ ನಡುವೆ ಕ್ಲೌನ್ ಮೀನು ಕಂಡು ಬಂದ ಮೇಲೆ ಅವರಿಗೆ ಸಿಹಿನೀರು ಸಪ್ಪೆಯಾಯಿತು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಹತ್ತು ಕಿಲೊಗೂ ಮೀರಿ ಸಮುದ್ರದುಪ್ಪು ಕರಗಿತು. "ಇಷ್ಟು ಉಪ್ಪಿನಾಗ ಓಣಿಗೆಲ್ಲಾ ಉಪ್ಪಿನಕಾಯಿ ಹಾಕ್ತಿದ್ದೆ" ಎಂದು ಹೆಂಡತಿ ಆಗಲೇ ಹೇಳಿ ಮುಗಿಸಿದ್ದಾರೆ.

ಕರೆಂಟ್ ಹೋದರೆ ಸಾಹುಕಾರರು ಮೊದಲು ಬೈಯುವುದು ಶಕ್ತಿನಗರದ ವಿದ್ಯುತ್ ಸ್ಥಾವರವನ್ನು. "1985ರಿಂದ ಉರೀಲಿಕ್ಕತ್ಯಾದ, ಎಂಟು ಯೂನಿಟ್, 1,720 ಮೆಗಾವ್ಯಾಟ್! ನಮ್ಮ ಮನಿಗೆ ಒಂದು ಟ್ಯೂಬ್‌ಲೈಟಿಗೆ ಸಾಲಂಗಿಲ್ಲೇನು?" ಅಷ್ಟರಲ್ಲಿ ಮೂಲೆಯ ಟ್ರಾನ್ಸ್‌ಫಾರ್ಮರಿನ ಮೇಲೆ ಅಳಿಲೊಂದು ಸತ್ತು ಬಿದ್ದಿರುತ್ತದೆ.

ಮನೆಯಲ್ಲಿ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ಇದೆ. ಅದಕ್ಕೆ ಜೋಡಿಸಿರುವುದು ತೊಟ್ಟಿಯ ನೀಲಿ ದೀಪ ಮತ್ತು ನೀರು ತಂಪಾಗಲೆಂದು ಅದರ ಮೇಲ್ಮೈಗೆ ಬೀಸುವ ಪುಟ್ಟ ಫ್ಯಾನು. ಮನುಷ್ಯರಿಗೆ ಮಿಕ್ಕಿದ್ದು ಬೀಸಣಿಗೆ. ಎಮರ್ಜೆನ್ಸಿ ಲೈಟು, ಟಾರ್ಚು, ಸೋಲಾರ್ ಲಾಟೀನು ಎಲ್ಲದರ ಮುಖವೂ ಗಾಜಿನ ಕಡೆಗೇ. ಕತ್ತಲಲ್ಲಿ ಊಟಕ್ಕೆ ಕೂತವರು ಮೀನಿನ ಬೆಳಕಿನಲ್ಲೇ ಬದನೆಕಾಯಿ ಹುಡುಕಿಕೊಳ್ಳಬೇಕು.

ವಿಷಯ ನೋಡಿದರೆ, ಹವಳ ಒಂದೆರಡು ದಿನ ಕತ್ತಲು ತಡೆಯುತ್ತದೆ; ಕಡಲಿನಲ್ಲೂ ಮೋಡ ಕವಿಯುತ್ತದಲ್ಲ. ಮೀನು ತಡೆಯದಿರುವುದು ಪಂಪು ನಿಲ್ಲುವುದನ್ನು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಎರಡು ಸೆಲ್ಲಿನ ಗಾಳಿ ಪಂಪು ಸಾಕಿತ್ತು. ಆದರೆ ಗುಳ್ಳೆ ಕಂಡು ಯಾವ ಅತಿಥಿ ಬಾಯಿ ಬಿಟ್ಟಾನು? ನೀಲಿ ಬೆಳಕಿಗೆ ಎಲ್ಲರೂ ಬಿಡುತ್ತಾರೆ.

ಒಮ್ಮೆ ಮಾನ್ವಿಯಿಂದ ಮಾವ ಬಂದಿದ್ದರು. ಕಾಲುವೆ ನೀರಿನಲ್ಲಿ ಭತ್ತ ಬೆಳೆದ ಹಿರಿಯರು. ಕರೆಂಟ್ ಹೋಗಿ ತಾಸುಗಟ್ಟಲೆ ಆಗಿತ್ತು, ದೀಪ ಝಗಝಗ. ಮಾವ ಬಗ್ಗಿ ನೋಡಿದರು.

"ಅಳಿಯಂದ್ರ, ಮೀನ ಮ್ಯಾಲ ಬಂದು ಬಾಯಿ ಬಿಡಾಕ್ಹತ್ಯಾವು. ಇವೇನು ಬೆಳಕ ಕುಡೀತಾವೇನ್ರೀ? ನೀರ ಆಡಸ್ಬೇಕು. ತಂಬಿಗಿ ತರ್ರಿ."

ಮಗ ದೇವರ ಮನೆಯಿಂದ ತಾಮ್ರದ ತಂಬಿಗೆ ತಂದ. ಸಾಹುಕಾರರು ಹೌಹಾರಿದರು: ತಾಮ್ರ ಹವಳಕ್ಕೆ ವಿಷ! ಬಚ್ಚಲಿನ ಮಗ್ಗು ಬಂತು; ಅದಕ್ಕೆ ಸೋಪು! ಕೊನೆಗೆ ಅಡುಗೆಮನೆಯ ಸ್ಟೀಲ್ ತಂಬಿಗೆ. ಮಾವ ಪಂಚೆ ಎತ್ತಿ ಕಟ್ಟಿ, ನೀರು ಮೊಗೆದು ಮೊಳದೆತ್ತರದಿಂದ ಸುರಿಯತೊಡಗಿದರು. ಅರ್ಧ ತಾಸಿಗೆ ಮೀನು ಕೆಳಗಿಳಿದವು. ಮಾವನ ರಟ್ಟೆ ಮಾತ್ರ ಮೇಲೇಳಲಿಲ್ಲ.

ಈಗ ಆ ಮನೆಗೆ ಚಹಾಕ್ಕೆ ಹೋಗುವವರು ಕರೆಂಟ್ ಇದೆಯೋ ಎಂದು ಫೋನ್ ಮಾಡಿ ಹೋಗುತ್ತಾರೆ. ಇಲ್ಲದಿದ್ದರೆ ಚಹಾಕ್ಕೆ ಮೊದಲು ಕೈಗೆ ತಂಬಿಗೆ ಬರುತ್ತದೆ. ನೂರು ಸುರಿದವರಿಗೆ ಬಿಸ್ಕತ್ತೂ ಉಂಟು.

ಮೊನ್ನೆ ದೇವದುರ್ಗದ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗಲೇ ಮಗನ ಫೋನು.

"ಅಪ್ಪಾ, ಕರೆಂಟ್ ಹೋಗ್ಯಾದ."

"ತಂಬಿಗಿ ಹಿಡಿ!"

"ಹಿಡದೀನಿ. ಅಜ್ಜಿಗೆ ಭಾಳ ಸೆಕಿ ಆಗ್ಯಾದಂತ. ಆಕಿ ಫ್ಯಾನ್ ಇನ್ವರ್ಟರಿಗೆ ಹಚ್ಚಲೇನು?"

ಓಲಗ ಜೋರಾಯಿತು. ಸಾಹುಕಾರರು ವಧೂವರರ ಕಡೆಗೆ ಅಕ್ಷತೆ ಎರಚಿ, ಕಿವಿಗೆ ಫೋನ್ ಒತ್ತಿಕೊಂಡು, ಹೆತ್ತ ತಾಯಿಯ ವಿಷಯವಾದ್ದರಿಂದ ಚೂರು ಯೋಚಿಸಿಯೇ ಹೇಳಿದರು:

"ಬ್ಯಾಡ. ತೊಟ್ಟಿ ಹತ್ರ ಅಜ್ಜಿಗೆ ಕುರ್ಚಿ ಹಾಕು. ಮೀನಿನ ಫ್ಯಾನಿಂದು ಒಂದೀಟು ಗಾಳಿ ಆಕಡಿನೂ ಬರ್ತದ."