ಹಾರ್ಡ್‌ಟೇಲ್ ಪುರಾಣ

ಹಾರ್ಡ್‌ಟೇಲ್ ಸೈಕಲ್ಲಿಗೆ ಸಸ್ಪೆನ್ಶನ್ ಮುಂದೆ ಮಾತ್ರ. ಹಿಂದಿನ ಏಟೆಲ್ಲ ಸವಾರನ ಪಾಲು. ಇಷ್ಟು ಸರಳವಾದ ಗಾಡಿ ಆರಿಸಲು ನಾನು ಎಕ್ಸೆಲ್ ಶೀಟು ತೆರೆದು ಕೂತಿದ್ದೇನೆ. ನನ್ನ ಮದುವೆಗೆ ಜಾತಕ ಕೂಡಿಸುವಾಗಲೂ ಇಷ್ಟೊಂದು ಕಾಲಂ ಇರಲಿಲ್ಲ. ಮುಂದಿನ ಫೋರ್ಕು 100 ಮಿಲಿಮೀಟರ್ ಕುಗ್ಗಬೇಕೋ, 120 ಕುಗ್ಗಬೇಕೋ? ಒಳಗೆ ಸ್ಪ್ರಿಂಗೋ, ಗಾಳಿಯೋ? ಗಾಳಿಯದಾದರೆ ಸವಾರನ ತೂಕಕ್ಕೆ ತಕ್ಕಂತೆ ಪಂಪು ಹೊಡೆಯಬಹುದಂತೆ. ಅಂದರೆ ಅಂಗಡಿಯಲ್ಲಿ ನಾಲ್ಕು ಜನರೆದುರು ನಿಜವಾದ ತೂಕ ಹೇಳಬೇಕು! 29 ಇಂಚಿನ ಚಕ್ರ ಕಲ್ಲು, ಬೇರುಗಳ ಮೇಲೆ ಸಲೀಸು, 27.5 ಇಂಚಿನದು ತಿರುವಿನಲ್ಲಿ ಚುರುಕು. ಕೆಲವು ಸೈಕಲ್ಲಿಗೆ ಹಿಂದೆ 12 ಗೇರು, ದೊಡ್ಡದಕ್ಕೆ 51 ಹಲ್ಲು. ಮಾಡಿದವರಿಗೆ ಗೋಡೆ ಹತ್ತಿಸುವ ಯೋಚನೆಯೇ ಇರಬೇಕು.

“ಅರ್ಧ ಕಿಲೋ ಹಗುರಾಗಿದ್ರೆ ಎಷ್ಟೋ ಸಾವಿರ ಹೆಚ್ಚು ಕೊಡ್ಬೇಕು ಕಣೇ” ಎಂದೆ. ಹೆಂಡತಿ ನನ್ನ ಹೊಟ್ಟೆಯನ್ನು ಒಂದು ಸುತ್ತು ನೋಡಿ, “ಅರ್ಧ ಕಿಲೋ ತಾನೇ? ಪುಕ್ಕಟೆ ಇಳಿಸ್ಬಹುದಲ್ರೀ” ಎಂದಳು.

ತಕರಾರಿಲ್ಲದ್ದು ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಬಗ್ಗೆ ಮಾತ್ರ: ಒಂದೇ ಬೆರಳಿಗೆ ಗಾಡಿ ನಿಲ್ಲುತ್ತದೆ. ಆದರೆ ನಾನು ಹತ್ತಬೇಕೆಂದಿರುವ ನಂದಿಬೆಟ್ಟದ ಎತ್ತರ 1,478 ಮೀಟರ್. ಹತ್ತುವಾಗ ನಿಲ್ಲಲು ನನಗೆ ಆ ಒಂದು ಬೆರಳೂ ಬೇಕಾಗುವುದಿಲ್ಲ.