ಮೂಗುದಾರ ಮೀಮಾಂಸೆ

ಅಂಕೆ ತಪ್ಪಿದ ನಡವಳಿಕೆಯನ್ನು ಕುರಿತು ಕನ್ನಡದಲ್ಲಿ ಒಂದು ಶಾಸ್ತ್ರಗ್ರಂಥ ಇನ್ನೂ ಬಾರದಿರುವುದು ವಿದ್ವಲ್ಲೋಕಕ್ಕೆ ನಾಚಿಕೆಗೇಡು. ವಸ್ತುವಿಗೇನೂ ಬರವಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬೈಗುಳವನ್ನಷ್ಟೇ ಆಕರವಾಗಿ ಇಟ್ಟುಕೊಂಡರೂ ಇಬ್ಬರು ಮೂವರಿಗೆ ಡಾಕ್ಟರೇಟ್ ಧಾರಾಳವಾಗಿ ದಕ್ಕೀತು.

ಮೊದಲು ಪೂರ್ವಪಕ್ಷ, ಅಂದರೆ ಆಂಗ್ಲರ ವಾದ. ಜಗತ್ತಿಗೆಲ್ಲ ಸಾಲ ಕೊಟ್ಟ ಅವರ ಭಾಷೆ ಹುಚ್ಚಾಟವನ್ನು ಮಾತ್ರ ಸಾಲ ತಂದಿದೆ. ‘ಅಮೋಕ್’ ಮಲಯ ಭಾಷೆಯದು, ‘ಬರ್ಸರ್ಕ್’ ಉತ್ತರದ ನಾರ್ಸ್ ಜನರದು. ಸ್ವಂತದ್ದೆಂದರೆ ಪಿಂಗಾಣಿ ಅಂಗಡಿಗೆ ನುಗ್ಗಿದ ಒಂದು ಗೂಳಿ. ಹೊನ್ನಾಳಿಯಲ್ಲಿ ಈ ಉಪಮೆ ನಿಲ್ಲುವುದಿಲ್ಲ. ಅಲ್ಲಿ ಹೋರಿ ಬರುವ ದಿನ ಅಂಗಡಿಯವರು ಮೊದಲೇ ಷಟರ್ ಎಳೆದಿರುತ್ತಾರೆ.

ಇನ್ನು ಸಿದ್ಧಾಂತ. ಕನ್ನಡಿಗರು ಪುಂಡಾಟವನ್ನು ಹೆಸರಿಸುವುದಿಲ್ಲ, ಕಳಚಿಬಿದ್ದ ಹಗ್ಗವನ್ನು ಹೆಸರಿಸುತ್ತಾರೆ. ಲಂಗುಲಗಾಮಿಲ್ಲ, ಅಂಕೆ ಶಂಕೆಯಿಲ್ಲ, ಹದ್ದು ಮೀರಿದ, ಕಣ್ಣಿ ಹರಕೊಂಡ. ‘ಏನಲೇ ತಮ್ಮಾ, ಮೂಗುದಾರ ಹಾಕೋರು ಯಾರೂ ಇಲ್ಲೇನ್ ನಿನಗೆ?’ ಎಂದು ಅರಳಿಕಟ್ಟೆಯ ಮೇಲಿನ ಅಜ್ಜ ಕೇಳಿದಾಗ, ತಪ್ಪು ಹುಡುಗನದಲ್ಲ, ಹಗ್ಗ ಹಿಡಿಯಬೇಕಿದ್ದವರದು ಎಂಬ ಧ್ವನಿ ಹೊರಡುತ್ತದೆ. ಮಂಗಾಟ, ದಾಂಧಲೆ, ರಂಪಾಟ ಮುಂತಾದ ಪದಗಳು ನಮ್ಮ ಸಿದ್ಧಾಂತಕ್ಕೆ ಹೊಂದದ ಕಾರಣ ಅವನ್ನು ಪ್ರಕ್ಷಿಪ್ತವೆಂದು ಕೈಬಿಡಲಾಗಿದೆ.

ಪ್ರಮಾಣಕ್ಕೆ ಹೊನ್ನಾಳಿ, ನ್ಯಾಮತಿ ಸೀಮೆಯ ಹೋರಿ ಹಬ್ಬವೇ ಸಾಕು. ದೀಪಾವಳಿ ಕಳೆಯಿತೆಂದರೆ, ಹುರುಳಿ, ಹತ್ತಿಕಾಳು ತಿಂದು ಮಿರಮಿರ ಮಿಂಚುವ ಹೋರಿಯ ಕೊರಳಿಗೆ ಕೊಬ್ಬರಿ ಸರ ಬೀಳುತ್ತದೆ, ಕೋಡಿಗೆ ಬಲೂನು ಏರುತ್ತದೆ. ಅದಕ್ಕೊಂದು ಬಿರುದು, ಒಂದು ಫ್ಲೆಕ್ಸು, ಒಂದೇ ಬಣ್ಣದ ಟೀ ಶರ್ಟು ತೊಟ್ಟ ಅಭಿಮಾನಿ ಬಳಗ. ಅಖಾಡದವರೆಗೆ ಹಗ್ಗ ಹಿಡಿದೇ ಕರೆತಂದು ಅಲ್ಲಿ ಬಿಡುತ್ತಾರೆ. ಸರ ಕಿತ್ತವನು ಶೂರ, ಕೈಗೆ ಸಿಗದೆ ಓಡಿದ ಹೋರಿಗೆ ಬಹುಮಾನ. ಗೆದ್ದ ಹೋರಿ ಬೈಕನ್ನೋ ಫ್ರಿಜ್ಜನ್ನೋ ಬಹುಮಾನ ಪಡೆದು ಏನು ಮಾಡುತ್ತದೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ. ಇಲ್ಲೊಂದು ನಿರುಕ್ತ: ಕೊಬ್ಬು ಎಂದರೆ ಮದ, ಅರಿ ಎಂದರೆ ಶತ್ರು, ಆದ್ದರಿಂದ ಕೊಬ್ಬರಿ ಎಂದರೆ ಮದವನ್ನಿಳಿಸುವುದು. ಒಮ್ಮೆ ಹೋರಿಯ ಕೊರಳಿಗೆ ಕೈ ಹಾಕಿ ಬಿದ್ದೆದ್ದವರು ಈ ವ್ಯುತ್ಪತ್ತಿಯನ್ನು ಒಪ್ಪಿಯಾರು. ತಿವಿತಕ್ಕೆ ಸಿಕ್ಕಿ ಜೀವ ಕಳೆದುಕೊಂಡವರೂ ಇದ್ದಾರೆ. ಅವರ ಮನೆಯ ಮುಂದೆ ಈ ಪ್ರಬಂಧ ತುಟಿ ಬಿಚ್ಚುವುದಿಲ್ಲ.

ಈ ಆಟಕ್ಕೂ ಮೂಗುದಾರ ಉಂಟು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿ ಕಂಬಳ, ಹೋರಿ ಓಟ, ಗಾಡಿ ಓಟಗಳಿಗೆ ದಾರಿ ಮಾಡಿತು. 2023ರ ಮೇ 18ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಎಗ್ಗಿಲ್ಲದೆ ನುಗ್ಗುವುದಕ್ಕೂ ಅರ್ಜಿ, ಷರತ್ತು, ಆಂಬುಲೆನ್ಸು, ಬಂದೋಬಸ್ತು. ಪರವಾನಗಿ ಪಡೆದ ಪುಂಡಾಟವೆಂಬ ಪರಿಕಲ್ಪನೆ ಹೀಗೆ ಶಾಸನಸಮ್ಮತವಾಯಿತು.

ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯ ಹೆಸರು ‘ನೇಮ’ ಮತ್ತು ‘ಮಿತಿ’ ಕೂಡಿ ಆದದ್ದೆಂದು ನಮ್ಮ ವಾದ. ಶಾಸನಾಧಾರ ಕೇಳಬೇಡಿ, ನಮ್ಮ ಸಂಶೋಧನೆಗೂ ಲಗಾಮಿಲ್ಲ.

ಚನ್ನಗಿರಿಯದು ಬೇರೆ ಪರಂಪರೆ. ಊರಿನಲ್ಲಿ ದೇವರಿಗೆ ಬಿಟ್ಟ, ಯಾರ ಹೊಲಕ್ಕಾದರೂ ನುಗ್ಗುವ ಹೋರಿಗೆ ಬಸವ ಎನ್ನುತ್ತಾರಷ್ಟೆ. ಆದರೆ ಇದೇ ತಾಲ್ಲೂಕಿನ ಸೂಳೆಕೆರೆಯಲ್ಲಿ ಬಸವನಾಲೆ ಎಂದರೆ ಏರಿ ದಾಟದೆ, ತೂಬಿನಿಂದ ಅಳತೆಯಾಗಿ ಹರಿದು ಗದ್ದೆ ತೋಟಕ್ಕೆ ಹೋಗುವ ನೀರು. ಆ ತೋಟದ ರಾಶಿ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ದಾಟಿದ ವರ್ಷ ಮದುವೆ ಮೆರವಣಿಗೆಯ ಡಿ.ಜೆ. ಸದ್ದು ಯಾವ ತೂಬಿಗೂ ನಿಲ್ಲಲಿಲ್ಲ.

ಉಳಿದದ್ದು ಜಗಳೂರು. ಹೆಸರಿನಲ್ಲಿಯೇ ಜಗಳವಿರುವುದರಿಂದ ಕಾಡುತನದ ಶಿಖರ ಇಲ್ಲೇ ಸಿಗಬೇಕೆಂದು ಊಹಿಸಿದ್ದೆವು. ಇಲ್ಲಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗಳಿಗೆ ಮೀಸಲಾದ ವನ್ಯಧಾಮ. ಗಂಡಿಗೆ ನಾಲ್ಕು ಕೊಂಬು, ಅಂದರೆ ಹೊನ್ನಾಳಿಯ ಹೋರಿಗಿಂತ ಎರಡು ಹೆಚ್ಚು. ಮೂಗುದಾರವಿಲ್ಲ, ಕಣ್ಣಿಯಿಲ್ಲ, ಕಾಯ್ದೆಯ ಪೂರ್ಣ ರಕ್ಷಣೆಯುಂಟು. ಆದರೂ ಅದು ಗುಂಪು ಕಟ್ಟುವುದಿಲ್ಲ, ಗದ್ದಲ ಎಬ್ಬಿಸುವುದಿಲ್ಲ. ಮನುಷ್ಯನ ಸುಳಿವು ಸಿಕ್ಕರೆ ಹುಲ್ಲಿನಲ್ಲಿ ಅಡಗಿಕೊಳ್ಳುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ಯಾರೂ ಹಗ್ಗ ಹಾಕದ ಜೀವಿಯೇ ಎಲ್ಲರಿಗಿಂತ ಮರ್ಯಾದಸ್ಥ ಎಂದು ಸಾಧಿತವಾಯಿತು.

ಆದಕಾರಣ ತಂದೆ ತಾಯಂದಿರಲ್ಲಿ ವಿನಂತಿ: ಮಗನಿಗೆ ‘ಕಾಡುಪ್ರಾಣಿ ಹಂಗ ಆಡಬ್ಯಾಡ’ ಎಂದು ಬೈಯಬೇಡಿ, ಕೊಂಡುಕುರಿಗೆ ಅವಮಾನ. ಊರಿನ ಗೆದ್ದ ಹೋರಿಯ ಹೆಸರು ಹಿಡಿದು ಬೈಯಿರಿ. ಅವನು ಸುಧಾರಿಸುವ ಭರವಸೆಯಿಲ್ಲ, ಆ ಹೆಸರಿನ ಟೀ ಶರ್ಟು ಕೇಳುವುದಂತೂ ಖಂಡಿತ.